ಮಾರಬೇಡಿ ಎಂದು ಬರೆದಿದ್ದ ಅನುವಾದ

2013ರಲ್ಲಿ ನಾನು ಹೊಸಪೇಟೆಯ ಬಸ್ ನಿಲ್ದಾಣದ ಹತ್ತಿರ ಒಂದು ಸಿಡಿ ಅಂಗಡಿಯ ಮಾಲೀಕನಾಗಿದ್ದೆ. ಆಗ ನನಗೆ ಐವತ್ತೇಳು ವರ್ಷ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ಅಂಗಡಿ. ಮುಂದಿನ ಗಾಜಿನ ಕಪಾಟಿನಲ್ಲಿ ಹಾಡು, ಸಿನಿಮಾ. ಹಿಂದಿನದರಲ್ಲಿ ಕಂಪ್ಯೂಟರ್ ಆಟಗಳು. ಮೂಲೆಯಲ್ಲಿ ಎರಡು ಕಂಪ್ಯೂಟರ್. ಅವುಗಳ ಮುಂದೆ ರಫೀಕ್ ಕೂರುತ್ತಿದ್ದ. ಇಬ್ಬರು ಮಕ್ಕಳ ತಂದೆ, ಕೆಲಸದಲ್ಲಿ ನನಗಿಂತ ಹತ್ತು ಪಾಲು ಬುದ್ಧಿವಂತ.

ನಾನು ಈ ಕಸುಬಿಗೆ ಬಂದಿದ್ದು ಕ್ಯಾಸೆಟ್ಟಿನ ಕಾಲದಲ್ಲಿ. ಆಗ ಗಿರಾಕಿಗಳು ಖಾಲಿ ಕ್ಯಾಸೆಟ್ಟು ಮತ್ತು ತಮಗೆ ಬೇಕಾದ ಹಾಡುಗಳ ಚೀಟಿ ತಂದು ಕೊಡುತ್ತಿದ್ದರು. ನಾವು ಒಂದೊಂದೇ ಹಾಡು ತುಂಬಿಸಿ, ಚೀಟಿಯನ್ನು ಡಬ್ಬಿಯೊಳಗೆ ಮಡಚಿಟ್ಟು ಕೊಡುತ್ತಿದ್ದೆವು. ಅದಕ್ಕೆ ರೆಕಾರ್ಡಿಂಗ್ ಎಂದು ಹೆಸರು. ಕಳ್ಳತನ ಎಂದು ಯಾರೂ ಅನ್ನುತ್ತಿರಲಿಲ್ಲ. ಹಾಡು ಯಾರದೋ, ಆದರೆ ತುಂಬಿಸಿದ ಶ್ರಮ ನಮ್ಮದು, ಆ ಶ್ರಮಕ್ಕೆ ದುಡ್ಡು ತೆಗೆದುಕೊಳ್ಳುತ್ತೇವೆ ಎಂಬುದು ನಮ್ಮ ನ್ಯಾಯ. ಮೂವತ್ತು ವರ್ಷ ಆ ನ್ಯಾಯದಲ್ಲೇ ಬದುಕಿದೆ. ತಪ್ಪಿನ ಬೇರು ಅಲ್ಲಿದೆ ಎಂದು ಈಗ ಅನಿಸುತ್ತದೆ.

ಮೆಟ್ರಿಯ ಸುಜಾತಾ ನನ್ನ ಅಂಗಡಿಗೆ ಬರತೊಡಗಿದ್ದು 2011ರಲ್ಲಿ. ಮೆಟ್ರಿ ಈಗ ಕಂಪ್ಲಿ ತಾಲ್ಲೂಕಿಗೆ ಸೇರಿದ, ಕಾಲುವೆ ನೀರಿನ ಊರು. ಆಕೆ ಅಲ್ಲಿಂದ ದಿನವೂ ಬಸ್ಸಿನಲ್ಲಿ ಬಂದು, ಹೊಸಪೇಟೆಯ ನ್ಯಾಯಾಲಯದ ಎದುರಿನ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದಳು. ಅಫಿಡವಿಟ್ಟು, ಅರ್ಜಿ, ಕ್ರಯಪತ್ರ ಎಲ್ಲ ಆಕೆಯ ಕೈಯಿಂದ ಹಾದುಹೋಗುತ್ತಿದ್ದವು. 2013ರಲ್ಲಿ ಆಕೆಯ ವಯಸ್ಸು ಮೂವತ್ತೆಂಟು. ಸರ್ಕಾರಿ ಬೆರಳಚ್ಚುಗಾರ್ತಿಯ ಹುದ್ದೆಗೆ ಹಲವು ಸಲ ಪರೀಕ್ಷೆ ಬರೆದು, ಒಂದೆರಡು ಅಂಕಗಳಲ್ಲಿ ಕಳೆದುಕೊಂಡವಳು. ಆಕೆಯ ವರ್ಗದವರಿಗೆ ವಯೋಮಿತಿ ನಲವತ್ತು. ಮನೆಯಲ್ಲಿ ತಾಯಿ ಹುಲಿಗೆಮ್ಮ ಒಬ್ಬರೇ. ಅವರು ಬೇರೆಯವರ ಗದ್ದೆಯಲ್ಲಿ ನಾಟಿ, ಕಳೆ, ಕುಯಿಲು ಮಾಡುತ್ತ ಬಂದವರು. ವಯಸ್ಕರ ಶಿಕ್ಷಣದ ತರಗತಿಗೆ ಹೋಗಿ, ಅಕ್ಷರ ಕೂಡಿಸಿ ಓದುವಷ್ಟು ಕಲಿತಿದ್ದರು.

ಸುಜಾತಾ ನನ್ನಲ್ಲಿ ಒಂದು ಆಟದ ಡಿಸ್ಕ್ ಕೊಂಡಿದ್ದಳು. ಜಪಾನಿನಲ್ಲಿ ತಯಾರಾಗಿ ಇಂಗ್ಲಿಷಿಗೆ ಬಂದಿದ್ದ, ನಾನು ಬೆಂಗಳೂರಿನ ಸಗಟು ವ್ಯಾಪಾರಿಯಿಂದ ತರಿಸಿದ್ದ ಅಸಲಿ ಡಿಸ್ಕ್. ಹೊಡೆದಾಟದ ಆಟವಲ್ಲ. ಆಡುವವರಿಗೆ ಪಾಳುಬಿದ್ದ ಒಂದು ಹೊಲ ಸಿಗುತ್ತದೆ. ಅದನ್ನು ಹಸನು ಮಾಡಿ ಬೆಳೆ ತೆಗೆಯಬೇಕು, ಊರಿನವರ ಜೊತೆ ಮಾತಾಡಬೇಕು, ಅವರ ಸ್ನೇಹ ಗಳಿಸಬೇಕು. ಮಗಳು ಆಡುವುದನ್ನು ನೋಡುತ್ತ ಕುಳಿತಿದ್ದ ಹುಲಿಗೆಮ್ಮ, ಆ ಊರಿನವರು ಏನು ಮಾತಾಡುತ್ತಾರೆ ಎಂದು ಕೇಳತೊಡಗಿದರಂತೆ. ಎಷ್ಟು ಸಲ ಓದಿ ಹೇಳುವುದು? ಮಗಳು ಇಡೀ ಆಟವನ್ನು ಕನ್ನಡಕ್ಕೆ ತರಲು ಕುಳಿತಳು.

ಓದುಗರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಆಟವನ್ನು ಇಷ್ಟಪಟ್ಟವರು ತಾವೇ ಮಾಡಿಕೊಳ್ಳುವ ಇಂಥ ಕೆಲಸವನ್ನು ಅಭಿಮಾನಿ ಅನುವಾದ ಎನ್ನುತ್ತಾರೆ. ಅದು ಪ್ಯಾಚ್ ಎಂಬ ಸಣ್ಣ ಫೈಲಿನ ರೂಪದಲ್ಲಿರುತ್ತದೆ. ಪ್ಯಾಚಿನಲ್ಲಿ ಆಟ ಇರುವುದಿಲ್ಲ, ಬದಲಾಯಿಸಬೇಕಾದ ಮಾತುಗಳು ಮಾತ್ರ ಇರುತ್ತವೆ. ಅಸಲಿ ಡಿಸ್ಕ್ ಕೊಂಡವರು ಅದರ ಮೇಲೆ ಇದನ್ನು ಹಾಕಿಕೊಳ್ಳಬೇಕು. ಆ ಆಟ ಕನ್ನಡವನ್ನು ಬಲ್ಲದ್ದಲ್ಲ. ಆದರೆ ಸುಜಾತಾ ಡಿಟಿಪಿಯ ಹಳೆಯ ಫಾಂಟುಗಳಲ್ಲಿ ಪಳಗಿದವಳು. ಆ ಫಾಂಟುಗಳಲ್ಲಿ ಅಕ್ಷರ, ಗುಣಿತ, ಒತ್ತು ಎಲ್ಲ ಬೇರೆ ಬೇರೆ ತುಂಡುಗಳು. ಒಂದರ ಪಕ್ಕ ಒಂದಿಟ್ಟು ಜೋಡಿಸಬೇಕು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಆ ತುಂಡುಗಳ ಚಿತ್ರಗಳನ್ನು ಕೂರಿಸಿ ದಾರಿ ಮಾಡಿಕೊಂಡಿದ್ದಳು. ಹದಿನಾಲ್ಕು ತಿಂಗಳು ಹಿಡಿಯಿತಂತೆ.

ಅದು ಸರಿಯಾಗಿ ಓಡುತ್ತದೆಯೋ ಇಲ್ಲವೋ ಎಂದು ಬೇರೆ ಕಂಪ್ಯೂಟರಿನಲ್ಲಿ ನೋಡಲು 2013ರ ಒಂದು ಭಾನುವಾರ ತಾಯಿಯನ್ನೂ ಕರೆದುಕೊಂಡು ನನ್ನ ಅಂಗಡಿಗೆ ಬಂದಳು. ಹುಲಿಗೆಮ್ಮ ರಫೀಕನ ಕುರ್ಚಿಯಲ್ಲಿ ಕುಳಿತು, ಬೆರಳಿಟ್ಟು ಓದುತ್ತ ಆಡಿದರು. ಆಟದ ಊರಿನ ಹಿರಿಯನನ್ನು ಮಗಳು ಗೌಡ ಎಂದು ಕರೆದಿದ್ದಳು. ಹೊಲಕ್ಕೆ ನೀರು ಬೇಕೇ ಎಂದು ಆ ಗೌಡ ತಾನೇ ಬಂದು ಕೇಳುತ್ತಿದ್ದ.

"ಇವ ಭಾಳ ಒಳ್ಳೇವ ಅದಾನಲ್ಲ," ಎಂದರು ಹುಲಿಗೆಮ್ಮ. "ಇಂಥಾ ಗೌಡ ನಮ್ಮ ಕಡಿ ಎಲ್ಲಿ ಇದ್ದಾನ?"

"ಜಪಾನಿನ್ಯಾಗ ಇದ್ದಾನಬೇ," ಎಂದಳು ಸುಜಾತಾ.

"ಹಂಗಾರ ನನ್ನ ಹೊಲಾನೂ ಅಲ್ಲೇ ಇರ್ಲಿ ಬಿಡು."

ರಫೀಕ್ ನಕ್ಕು ಕಣ್ಣೊರೆಸಿಕೊಂಡ. ನಾನೂ ನಕ್ಕೆ. ಆಟ ಶುರುವಾಗುವಾಗ ತೆರೆಯ ಮೇಲೆ ಎರಡು ಸಾಲು ಬರುತ್ತಿದ್ದವು: 'ಇದು ನನ್ನ ಅವ್ವನಿಗಾಗಿ ಮಾಡಿದ ಅನುವಾದ. ದಯವಿಟ್ಟು ಮಾರಬೇಡಿ.' ಹೊರಡುವಾಗ ಸುಜಾತಾ ಪ್ಯಾಚನ್ನು ನಮ್ಮ ಕಂಪ್ಯೂಟರಿನಲ್ಲಿ ಬಿಟ್ಟಳು.

"ಅಣ್ಣಾರ, ಅಸಲಿ ಡಿಸ್ಕ್ ತಗೊಂಡವ್ರು ಯಾರಾರ ಕೇಳಿದ್ರ ಹಾಕಿ ಕೊಡ್ರಿ. ರೊಕ್ಕ ಮಾತ್ರ ತಗೋಬ್ಯಾಡ್ರಿ. ಅದು ನಂದಲ್ಲ, ನಿಮ್ದೂ ಅಲ್ಲ."

ಹೂಂ ಎಂದೆ.

ಒಂದು ವರ್ಷ ಆ ಮಾತಿಗೆ ತಪ್ಪಲಿಲ್ಲ. 2014ರ ಹೊತ್ತಿಗೆ ಸಿಡಿ ವ್ಯಾಪಾರ ಮುಗಿಯುತ್ತ ಬಂದಿತ್ತು. ಜನ ಹಾಡು, ಸಿನಿಮಾಗಳನ್ನು ಮೊಬೈಲಿಗೆ ತುಂಬಿಸಿಕೊಳ್ಳುತ್ತಿದ್ದರು. ಕೇಳಿಬರುತ್ತಿದ್ದದ್ದು ಆ ಕನ್ನಡದ ಆಟ ಒಂದೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬರುವವರು ಹೆಂಡತಿ ಕೇಳುತ್ತಾಳೆಂದು ಬರುತ್ತಿದ್ದರು. ಪಾಪಿನಾಯಕನಹಳ್ಳಿಯ ರೈತರೊಬ್ಬರು ಬಂದು, "ನೀರಿನ ಸರದಿ ಜಗಳಾನೂ ಹಾಕ್ಯಾರಂತಲ್ರಿ ಅದ್ರಾಗ, ಕೊಡ್ರಿ ನೋಡೋಣು," ಎಂದರು. ಅಸಲಿ ಡಿಸ್ಕಿಗೆ ಒಂಬೈನೂರು ರೂಪಾಯಿ ಎಂದರೆ ಎಲ್ಲರೂ ಹಿಂದೆ ಸರಿಯುತ್ತಿದ್ದರು. ನಾನು ಆಟವನ್ನೂ ಪ್ಯಾಚನ್ನೂ ಸೇರಿಸಿ ಖಾಲಿ ಡಿಸ್ಕಿಗೆ ಇಳಿಸಿ ಎಂಬತ್ತು ರೂಪಾಯಿಗೆ ಮಾರಲು ತೀರ್ಮಾನಿಸಿದೆ.

ಮಾರುವ ಡಿಸ್ಕಿನಲ್ಲಿ ಮಾರಬೇಡಿ ಎಂಬ ಸಾಲು ಇರಲಾಗದು. ಅದನ್ನು ತೆಗೆ ಎಂದು ರಫೀಕನಿಗೆ ಹೇಳಿದೆ.

"ಸಾವ್ಕಾರ್ರೇ, ಆಕಿ ಬಾಯಿಲೆ ಹೇಳಿ ಹೋಗ್ಯಾಳ. ಮ್ಯಾಲೆ ಬರದೂ ಇಟ್ಟಾಳ. ಇದು ಬ್ಯಾಡ್ರಿ."

"ನಿನ್ನ ಪಗಾರ ಆ ಸಾಲು ಕೊಡ್ತೈತೇನು?" ಎಂದೆ.

ಅವನು ತೆಗೆದ. ತಿಂಗಳು ತುಂಬುತ್ತಲೇ ನನ್ನ ಅಂಗಡಿ ಬಿಟ್ಟು ಸಂಡೂರಿನಲ್ಲಿ ಬೇರೆ ಕೆಲಸ ಹಿಡಿದ.

ಮುಂದಿನ ತಪ್ಪು ನಮ್ಮ ಊರಿನ ರೂಢಿಯಿಂದ ಆದದ್ದು. ನಮ್ಮಲ್ಲಿ ಹುಟ್ಟುಹಬ್ಬಕ್ಕೆ, ಪರೀಕ್ಷೆ ಪಾಸಾದದ್ದಕ್ಕೆ, ಹೊಸ ಟ್ರ್ಯಾಕ್ಟರ್ ತಂದದ್ದಕ್ಕೆ, ಎಲ್ಲದಕ್ಕೂ ಫ್ಲೆಕ್ಸ್ ಕಟ್ಟುತ್ತಾರೆ. ಒಬ್ಬರ ಫೋಟೋ ಹಾಕಿ ಹೆಸರು ಬರೆಸಿದರೆ ಅವರಿಗೆ ಸಲ್ಲಬೇಕಾದ ಗೌರವ ಸಂದಿತು ಎಂಬ ಭಾವನೆ. ನಾನೂ ಅಂಗಡಿಯ ಮುಂದೆ ಎಂಟು ಅಡಿಯ ಫ್ಲೆಕ್ಸ್ ಕಟ್ಟಿಸಿದೆ. 'ಜಪಾನಿನ ಆಟ, ನಮ್ಮ ಮೆಟ್ರಿಯ ಹೆಣ್ಣುಮಗಳ ಕನ್ನಡದಲ್ಲಿ. ನಮ್ಮಲ್ಲಿ ಮಾತ್ರ ಲಭ್ಯ.' ಪಕ್ಕದಲ್ಲಿ ಸುಜಾತಾಳ ಫೋಟೋ. ಅದನ್ನು ಡಿಟಿಪಿ ಅಂಗಡಿಯವರಿಂದ ಪಡೆದಿದ್ದೆ. ಕೆಳಗೆ ದೊಡ್ಡ ಅಕ್ಷರಗಳಲ್ಲಿ ಆಕೆಯ ಹೆಸರು. ಆಕೆ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಇದು ನಿಜ. ನಾನು ಕೆಟ್ಟದ್ದನ್ನು ಮಾಡುವಾಗಲೂ ಒಳ್ಳೆಯವನೆಂದುಕೊಂಡೇ ಮಾಡಿದವನು.

ಮರುದಿನ ಮಧ್ಯಾಹ್ನ ಸುಜಾತಾ ಬಂದಳು. ನ್ಯಾಯಾಲಯದ ಬೀದಿಯಿಂದ ಬಿಸಿಲಿನಲ್ಲಿ ನಡೆದು ಬಂದು ಏದುಸಿರು ಬಿಡುತ್ತಿದ್ದಳು.

"ಅಣ್ಣಾರ, ಇಳಸ್ರಿ ಅದನ್ನ."

"ನಿನ್ನ ಹೆಸರು ಊರ ತುಂಬ ಆಗ್ತೈತಿ ತಂಗಿ. ಕುಂದ್ರು, ನೀರು ಕುಡಿ."

"ಹೆಸರು ಯಾರು ಕೇಳಿದ್ರು? ನನ್ನ ಹೆಸರು ಆಯ್ಕೆ ಪಟ್ಟಿಯಾಗ ಬಂದೈತ್ರಿ. ಇನ್ನ ಪೊಲೀಸ್ ಪರಿಶೀಲನೆ ಒಂದು ಬಾಕಿ. ಇಂಥಾದ್ರಾಗ ನನ್ನ ಹೆಸರು ಬ್ಯಾಡ. ಮಾರಬ್ಯಾಡ್ರಿ ಅಂದಿದ್ನಲ್ರಿ ನಾನು?"

ಒಂದು ಸರ್ಕಾರಿ ಕಚೇರಿಯ ಬೆರಳಚ್ಚುಗಾರರ ಪಟ್ಟಿಯಲ್ಲಿ ಆಕೆಯ ಹೆಸರು ಕೊನೆಗೂ ಬಂದಿತ್ತು. ಆಕೆಗೆ ಆಗ ಮೂವತ್ತೊಂಬತ್ತು ತುಂಬಿತ್ತು. ನೇಮಕದ ಆದೇಶಕ್ಕೆ ಮುಂಚೆ, ಅಭ್ಯರ್ಥಿಯ ಮೇಲೆ ಯಾವುದೇ ಪ್ರಕರಣ ಇಲ್ಲವೆಂದು ಪೊಲೀಸರಿಂದ ವರದಿ ಹೋಗಬೇಕು. ಎರಡು ದಿನದಲ್ಲಿ ಇಳಿಸುತ್ತೇನೆ ಎಂದೆ. ಫ್ಲೆಕ್ಸಿಗೆ ಕೊಟ್ಟ ದುಡ್ಡು ನೆನಪಾಗಿ ಆ ವಾರ ಇಳಿಸಲಿಲ್ಲ.

ಅದೇ ವಾರದ ಶುಕ್ರವಾರ ಸಬ್ ಇನ್‌ಸ್ಪೆಕ್ಟರ್ ಒಬ್ಬರು ನಾಲ್ವರು ಸಿಬ್ಬಂದಿಯೊಂದಿಗೆ ಬಂದರು. ಜೊತೆಗೆ ಆ ಆಟದ ಹಕ್ಕುದಾರ ಕಂಪನಿಯ ಪ್ರತಿನಿಧಿ. ಫ್ಲೆಕ್ಸಿನ ಫೋಟೋ ಯಾರ ಮೊಬೈಲಿನಿಂದಲೋ ಅವರಿಗೆ ತಲುಪಿತ್ತು. ನೂರ ಹನ್ನೆರಡು ಡಿಸ್ಕ್, ಎರಡು ಕಂಪ್ಯೂಟರ್, ಫ್ಲೆಕ್ಸ್ ಎಲ್ಲವನ್ನೂ ಪಂಚನಾಮೆ ಮಾಡಿ ಕೊಂಡೊಯ್ದರು. ನನ್ನನ್ನೂ ಠಾಣೆಗೆ ಕರೆದೊಯ್ದರು. ಯಾರೂ ಗದರಲಿಲ್ಲ. ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ಭಯ ಪೂರ್ತಿ ನನ್ನದೇ.

ಕಾನೂನನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಪ್ರತಿ ಮಾಡುವ ಹಕ್ಕಿನಂತೆ ಅನುವಾದದ ಹಕ್ಕೂ ಕೃತಿಯ ಒಡೆಯನದೇ. ಕಂಪ್ಯೂಟರ್ ಆಟಕ್ಕೂ ಅದು ಅನ್ವಯಿಸುತ್ತದೆ. ತಿಳಿದೂ ಉಲ್ಲಂಘಿಸಿದರೆ 63ನೆಯ ಕಲಮಿನ ಪ್ರಕಾರ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಅದನ್ನು ವ್ಯಾಪಾರದ ಲಾಭಕ್ಕಾಗಿ ಮಾಡಿಲ್ಲವಾದರೆ ಮಾತ್ರ ನ್ಯಾಯಾಲಯ ಶಿಕ್ಷೆಯನ್ನು ಇದಕ್ಕಿಂತ ಕಡಿಮೆ ಮಾಡಬಹುದು. ಕಂಪನಿಯ ಪ್ರತಿನಿಧಿ ಒಳ್ಳೆಯ ಮನುಷ್ಯ. ಯಾರಾದರೂ ಮನೆಮಟ್ಟಿಗೆ ಅನುವಾದ ಮಾಡಿಕೊಂಡಿದ್ದರೆ ನಾವು ಒಂದು ಕಾಗದ ಬರೆದು ನಿಲ್ಲಿಸಲು ಹೇಳುತ್ತಿದ್ದೆವು, ಠಾಣೆಗೆ ಬರುತ್ತಿರಲಿಲ್ಲ, ಮಾರಾಟ ಬೇರೆ ವಿಷಯ ಎಂದು ಅವರೇ ಅಂದರು.

ಸಬ್ ಇನ್‌ಸ್ಪೆಕ್ಟರ್ ಕೇಳಿದರು: "ಯಜಮಾನ್ರೇ, ಈ ಅನುವಾದ ಮಾಡಿದಾಕಿ ಮಾರಾಟಕ್ಕಂತ ಕೊಟ್ಟಾಳೋ, ಸುಮ್ನೆ ಕೊಟ್ಟಾಳೋ? ನೋಡಿ ಹೇಳ್ರಿ."

ನೋಡಿ ಹೇಳಿ ಎಂದು ಅವರು ನನಗೆ ಸಮಯ ಕೊಟ್ಟಿದ್ದರು. ಸುಮ್ಮನೆ ಕೊಟ್ಟಳು ಎಂದರೆ ಮಾರಿದ ಪೂರ್ತಿ ಹೊಣೆ ನನ್ನೊಬ್ಬನದು. ಪಾಲಿಗೆ ಕೊಟ್ಟಳು ಎಂದರೆ ಅರ್ಧ ಭಾರ ಇಳಿಯುತ್ತದೆ ಎಂದು ನನ್ನ ಭಯ ಲೆಕ್ಕ ಹಾಕಿತು.

"ಮಾರಾಟಕ್ಕೇ ಕೊಟ್ಟಾಳ್ರಿ ಸಾಹೇಬ್ರ. ಡಿಸ್ಕಿಗೆ ಇಪ್ಪತ್ತು ರೂಪಾಯಿ ಆಕಿಗೆ," ಎಂದೆ.

ಬರೆದುಕೊಂಡರು. ಓದಿ ಹೇಳಿದರು. ಸಹಿ ಮಾಡಿದೆ. ನಾನು ಒಂದನೇ ಆರೋಪಿ, ಸುಜಾತಾ ಎರಡನೇ ಆರೋಪಿ. ಪೊಲೀಸರಲ್ಲಿ ನಾನು ತಪ್ಪು ಕಾಣಲಾರೆ. ಅವರ ಕೈಯಲ್ಲಿ ಆಕೆಯ ಫೋಟೋ ಇದ್ದ ಫ್ಲೆಕ್ಸ್ ಇತ್ತು, ನನ್ನ ಹೇಳಿಕೆ ಇತ್ತು. ಮಾರಬೇಡಿ ಎಂಬ ಸಾಲು ನೂರ ಹನ್ನೆರಡು ಡಿಸ್ಕುಗಳಲ್ಲಿ ಒಂದರಲ್ಲೂ ಇರಲಿಲ್ಲ. ಸುಜಾತಾ ತನ್ನ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ತೋರಿಸಿದಾಗ, ಇದನ್ನು ಈಗ ಸೇರಿಸಿರಬಹುದಲ್ಲ ಎಂಬ ಪ್ರಶ್ನೆ ಬಂತು. ರಫೀಕ್ ಎಲ್ಲಿದ್ದಾನೆಂದು ಆಕೆಗೆ ಗೊತ್ತಿರಲಿಲ್ಲ, ಆ ಪ್ರಶ್ನೆಗೆ ಉತ್ತರ ನನ್ನ ಬಾಯಲ್ಲಿ ಮಾತ್ರ ಇತ್ತು.

ಇನ್ನೊಂದು ಮಾತನ್ನೂ ಬಚ್ಚಿಡಬಾರದು. ಸುಜಾತಾಳದು ಬೌದ್ಧ ಧಮ್ಮ ಸ್ವೀಕರಿಸಿದ ಕೂಲಿಕಾರರ ಮನೆತನ. ಆ ಅನುವಾದ ಮಾಡಿದವಳು ನನ್ನ ನೆಂಟರ ಪೈಕಿ ಒಬ್ಬಳಾಗಿದ್ದರೆ, ಕೇಳಿದ ಮರುಕ್ಷಣ ಅವಳ ಹೆಸರಿನ ಮೇಲೆ ಸುಳ್ಳು ಹೊರಿಸುತ್ತಿದ್ದೆನೇ? ನನ್ನನ್ನು ನಾನೇ ಹಲವು ಸಲ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತಿದೆ. ಬರೆಯಲು ನಾಚಿಕೆಯಾಗುತ್ತದೆ.

ಜಾಮೀನು ಸಿಕ್ಕ ಮೇಲೆ ವಕೀಲರ ಮುಂದೆ ನಿಜ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಈಗ ಹೇಳಿದ್ರ ಆಕಿ ಕೆಲಸ ಉಳಿಬಹುದು. ನೀವು ಒಳಗ ಹೋಗ್ತೀರಿ. ಹೇಳ್ರಿ ಅಂತಾನೂ ಅನ್ನಂಗಿಲ್ಲ, ಬ್ಯಾಡ ಅಂತಾನೂ ಅನ್ನಂಗಿಲ್ಲ. ಪರಿಶೀಲನೆ ವರದಿ ಹೋಗಾಕ ಇನ್ನ ಹದಿನೈದು ದಿನ ಇರಬಹುದು. ವಿಚಾರ ಮಾಡ್ರಿ."

ಹದಿನೈದು ದಿನ ವಿಚಾರ ಮಾಡಿದೆ. ಅಂಗಡಿಯ ಬಾಗಿಲು ಹಾಕಿಕೊಂಡು ಮನೆಯಲ್ಲಿ ಕುಳಿತೆ. ಹೆಂಡತಿ ಕೇಳಿದರೆ ಜ್ವರ ಎಂದೆ. ಒಂದು ದಿನ ಠಾಣೆಯ ಗೇಟಿನವರೆಗೂ ಹೋಗಿ, ಎದುರಿನ ಅಂಗಡಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ತಿರುಗಿ ಬಂದೆ. ಹದಿನಾರನೆಯ ದಿನ ಒಂದು ರೀತಿಯ ನಿರಾಳ ಬಂತು. ಇನ್ನು ಹೇಳಿ ಪ್ರಯೋಜನವಿಲ್ಲ ಎಂಬ ನಿರಾಳ. ನನ್ನ ಬದುಕಿನಲ್ಲಿ ಅದಕ್ಕಿಂತ ಹೇಸಿಗೆಯ ಗಳಿಗೆ ಬೇರೊಂದಿಲ್ಲ.

ವರದಿಯಲ್ಲಿ ಪ್ರಕರಣ ಬಾಕಿ ಇದೆ ಎಂದು ಹೋಯಿತು. ಆ ಹುದ್ದೆ ಪಟ್ಟಿಯ ಮುಂದಿನವರಿಗೆ ಹೋಯಿತು. ಸುಜಾತಾಳಿಗೆ ನಲವತ್ತು ತುಂಬಿತು.

2016ರವರೆಗೆ ವಾಯಿದೆಗಳು ನಡೆದವು. ಪ್ರತಿ ವಾಯಿದೆಗೂ ನಾವಿಬ್ಬರೂ ಒಂದೇ ನ್ಯಾಯಾಲಯದ ಹೊರಗಿನ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂರುತ್ತಿದ್ದೆವು. ಆಕೆಯ ಕೈಯಲ್ಲಿ ಅರ್ಜಿ ಟೈಪ್ ಮಾಡಿಸಿಕೊಂಡಿದ್ದ ಜನ ಅದೇ ದಾರಿಯಲ್ಲಿ ಹಾದುಹೋಗುತ್ತಿದ್ದರು. "ಯಾಕ್ರೀ ಮೇಡಮ್, ಇವತ್ತ ಇಲ್ಲಿ ಕುಂತೀರಿ? ಅಂಗಡಿ ಬಂದಾ?" ಎಂದು ಕೇಳುತ್ತಿದ್ದರು. "ಕೆಲಸ ಐತ್ರಿ," ಎನ್ನುತ್ತಿದ್ದಳು. ನನ್ನ ಜೊತೆ ಆಕೆ ಒಂದು ಮಾತೂ ಆಡಲಿಲ್ಲ, ಬೈಯಲೂ ಇಲ್ಲ.

ಆ ವರ್ಷದ ಬೇಸಿಗೆಯ ಒಂದು ವಾಯಿದೆಗೆ ಹುಲಿಗೆಮ್ಮನೂ ಬಂದಿದ್ದರು. ಮಗಳು ವಕೀಲರನ್ನು ನೋಡಲು ಎದ್ದುಹೋಗಿದ್ದಳು. ಹುಲಿಗೆಮ್ಮ ಬುತ್ತಿಯ ಗಂಟು ಬಿಚ್ಚಿ, ಒಂದು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ನನ್ನ ಕಡೆ ಚಾಚಿದರು.

"ತಗೋರಿ, ಹೊತ್ತಾತು. ನೀವೂ ನಮ್ಮಂಗ ಮುಂಜಾನೆಯಿಂದ ಕುಂತೀರಿ."

ಆ ತಾಯಿಗೆ ಮಗಳು ಏನನ್ನೂ ಹೇಳಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಇಬ್ಬರ ಮೇಲೂ ಯಾರೋ ಸುಳ್ಳು ಕೇಸು ಹಾಕಿದ್ದಾರೆ ಎಂದು ಅವರು ನಂಬಿದ್ದರು. ರೊಟ್ಟಿ ತೆಗೆದುಕೊಂಡೆ. ಅವರ ಮನೆಯ ಅನ್ನ ನನ್ನ ಮನೆತನದಲ್ಲಿ ಯಾರೂ ಉಂಡವರಲ್ಲ.

"ಯಣ್ಣಾ, ನಿಮ್ಮ ಅಂಗಡ್ಯಾಗ ನಡದದ್ದು. ನೀವಾರ ಸಾಹೇಬ್ರ ಮುಂದ ಹೇಳ್ರಿ, ನಮ್ಮ ಹುಡುಗಿ ರೊಕ್ಕ ತಗೊಂಡಿಲ್ಲಂತ. ಆಕಿ ಹೇಳಿದ್ರ ಯಾರೂ ಕೇಳವಲ್ರು."

ಮುರಿದ ತುತ್ತನ್ನು ರೊಟ್ಟಿಯ ಮೇಲೇ ಇಟ್ಟೆ. "ಹೇಳ್ತೀನವ್ವ," ಎಂದೆ.

ಅಂದೇ ಹೇಳಿದೆ. ಹೆಸರು ಕೂಗಿದಾಗ ಒಳಗೆ ಹೋಗಿ ತಪ್ಪೊಪ್ಪಿಕೊಂಡೆ. ಆಕೆ ಮಾರಬೇಡಿ ಎಂದು ಬರೆದಿದ್ದಳು, ಬಾಯಿಯಿಂದಲೂ ಹೇಳಿದ್ದಳು, ಆ ಸಾಲು ತೆಗೆಸಿದವನು ನಾನು, ಇಪ್ಪತ್ತು ರೂಪಾಯಿಯ ಮಾತು ಸುಳ್ಳು ಎಂದೆ. ನನ್ನ ವಕೀಲರು ನೆಲ ನೋಡುತ್ತಿದ್ದರು. ಮುಂದೆ ರಫೀಕ್ ಸಂಡೂರಿನಿಂದ ಬಂದು ಸಾಕ್ಷಿ ನುಡಿದ. ಜಪ್ತಿಯಾಗಿದ್ದ ಕಂಪ್ಯೂಟರಿನಲ್ಲೇ, ಅವನು ಅಳಿಸದೆ ಬೇರೆ ಹೆಸರಿನಲ್ಲಿ ಉಳಿಸಿದ್ದ ಮೊದಲ ಪ್ಯಾಚ್ ಸಿಕ್ಕಿತು. ಕಂಪನಿಯವರು ಸುಜಾತಾಳಿಂದ ಇನ್ನು ಹಂಚುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಂಡು, ಆಕೆಯ ಮೇಲೆ ದೂರಿಲ್ಲ ಎಂದರು. ಆಕೆಯನ್ನು ಪ್ರಕರಣದಿಂದ ಕೈಬಿಡಲಾಯಿತು. ನನಗೆ ಆರು ತಿಂಗಳ ಸೆರೆ, ಐವತ್ತು ಸಾವಿರ ದಂಡ. ಬಳ್ಳಾರಿಯ ಜೈಲಿನಲ್ಲಿ ಆ ಆರು ತಿಂಗಳು ಕಳೆದೆ. ಹೊರಬಂದ ಮೇಲೆ ಅಂಗಡಿ ತೆರೆಯಲಿಲ್ಲ.

ಈ ಕಸುಬು ನನಗೆ ಕಲಿಸಿದ್ದನ್ನು ಹೇಳುವುದಾದರೆ ಇಷ್ಟು. ಬೇರೆಯವರ ಕೃತಿಯನ್ನು ಅನುಮತಿಯಿಲ್ಲದೆ ಅನುವಾದಿಸಿ ಮಾರುವುದು ಅಪರಾಧ. ಎಷ್ಟು ಶ್ರಮ ಹಾಕಿದರೂ ಅಪರಾಧವೇ. ಇದು ಕಾನೂನು, ಸರಿಯಾದದ್ದೇ. ಆದರೆ ಕಾನೂನಿನ ಕಣ್ಣಿಗೆ ಬೀಳದ ಇನ್ನೊಂದು ಕಳ್ಳತನವೂ ನಡೆದಿತ್ತು. ದೂರದ ಕಂಪನಿಗೆ ನಾನು ಮಾಡಿದ ನಷ್ಟಕ್ಕೆ ಕಲಮು ಇತ್ತು, ದಂಡ ಇತ್ತು. ಹದಿನಾಲ್ಕು ತಿಂಗಳು ಕುಳಿತು ತಾಯಿಗಾಗಿ ಮಾಡಿದ ಕೆಲಸವನ್ನು ಕದ್ದದ್ದಕ್ಕೆ ಸುಜಾತಾ ಎಲ್ಲಿ ದೂರು ಕೊಡಬೇಕು? ಅನುಮತಿಯಿಲ್ಲದ ಅನುವಾದವಾದ್ದರಿಂದ ಒಡೆತನ ಕೇಳಿಕೊಂಡು ಆಕೆ ಯಾವ ಬಾಗಿಲಿಗೂ ಹೋಗುವಂತಿರಲಿಲ್ಲ. ಆರೋಪಿಯ ಜಾಗ ಮಾತ್ರ ಆಕೆಗೆ ಸಿಕ್ಕಿತು. ಅಂಗಡಿಯಲ್ಲಿ ಕೂರುವವರು ಸರಕಿನ ಒಡೆಯರನ್ನಷ್ಟೇ ಅಲ್ಲ, ಅದಕ್ಕೆ ಕೈ ಹಚ್ಚಿದವರನ್ನೂ ಕೇಳಬೇಕು. ಕೇಳಿ, ಅವರು ಹೇಳಿದಂತೆ ನಡೆಯಬೇಕು. ನನಗೆ ಅದನ್ನು ಒಬ್ಬಳು ಮೊದಲೇ ಹೇಳಿದ್ದಳು.

ಜೈಲಿನಿಂದ ಬಂದ ಮೇಲೆ ಒಮ್ಮೆ ಮೆಟ್ರಿಗೆ ಹೋದೆ. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಚಿತ್ರಗಳು. ಕಂಪ್ಯೂಟರಿಗೆ ಬಟ್ಟೆ ಮುಚ್ಚಿತ್ತು. ಹುಲಿಗೆಮ್ಮನಿಗೆ ಈಗ ಎಲ್ಲ ತಿಳಿದಿತ್ತು. ನನಗೆ ನೀರು ಕೊಟ್ಟು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಸುಜಾತಾ ಬಾಗಿಲ ಬಳಿ ನಿಂತೇ ಇದ್ದಳು. ಕ್ಷಮಿಸು ತಂಗಿ ಎಂದೆ.

"ಕ್ಷಮಿಸೀನಿ ಅಂದ್ರ ನೀವು ಹಗುರಾಗಿ ಬಸ್ ಹತ್ತತೀರಿ, ಅಣ್ಣಾರ. ನಾ ಅದನ್ನ ಅನ್ನಂಗಿಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಕೋರ್ಟಿನ್ಯಾಗ ಹೇಳಿದ್ದು ನಾಕು ಗ್ವಾಡಿ ಒಳಗ ಉಳೀತು. ಊರಾಗ ಇನ್ನೂ ಆಡ್ಕೋತಾರ, ಆಕಿನೂ ಪಾಲು ತಗೊಂಡಿದ್ಲಂತ ಅಂತ. ಬರ್ಯಾಕ ಬರ್ತೈತಲ್ಲ ನಿಮಗ? ಬರೀರಿ. ನಾಕು ಮಂದಿ ಓದೋ ಹಂಗ ಬರೀರಿ."

"ನಿನ್ನ ಹೆಸರು ಹಾಕ್ಲೇನು?" ಎಂದು ಕೇಳಿದೆ. ಈ ಸಲ ಕೇಳಿದೆ.

"ಹಾಕ್ರಿ. ಕೇಸಿನ್ಯಾಗ ಹಾಕಿದ್ರಲ್ಲ."

ಬರೆಯಲು ಇಷ್ಟು ವರ್ಷ ಬೇಕಾಯಿತು. ಮೆಟ್ರಿಯ ಹುಲಿಗೆಮ್ಮನ ಮಗಳು ಸುಜಾತಾ, ಆ ಅನುವಾದಕ್ಕಾಗಿ ನನ್ನಿಂದಾಗಲಿ ಬೇರೆ ಯಾರಿಂದಾಗಲಿ ಒಂದು ಪೈಸೆಯನ್ನೂ ತೆಗೆದುಕೊಂಡಿಲ್ಲ.